ಸಮನ್ಸ್ ತಪ್ಪಿಸಿಕೊಂಡರೆ ಕೇಸ್ ತಪ್ಪುವುದಿಲ್ಲ ಪುಟ್ಟಾ

ಪುಟ್ಟಾ,

ನಿನ್ನಮ್ಮ ಫೋನ್ ಮಾಡಿದ್ದಳು. ಪಿಕಪ್ ಸಾಲಕ್ಕೆ ಫೈನಾನ್ಸಿನವರು ವಿರಾಜಪೇಟೆ ಕೋರ್ಟಿನಲ್ಲಿ ಎರಡೂವರೆ ಲಕ್ಷಕ್ಕೆ ದಾವೆ ಹಾಕಿದ್ದಾರಂತೆ, ಕೋರ್ಟಿನ ನೋಟಿಸು ತಲುಪಿಸುವ ಅಮೀನ ಸಮನ್ಸ್ ತಂದರೆ ನೀನು ತೋಟದೊಳಗೆ ಹೋಗಿ ಕೂತೆಯಂತೆ. ಯಾರು ಕೊಟ್ಟರು ಈ ಬುದ್ಧಿ? ಬೇಡ ಅಂದ ಸಮನ್ಸನ್ನೂ ಕೋರ್ಟು ಜಾರಿಯಾಗಿದೆ ಅಂತಲೇ ಬರೆದುಕೊಳ್ಳಬಹುದು. ಆಮೇಲೆ ನೀನು ಹಾಜರಾಗದಿದ್ದರೆ ಎಕ್ಸ್‌ಪಾರ್ಟಿ. ಅಂದರೆ ಕೇಸು ನೀನಿಲ್ಲದೆಯೇ ನಡೆದು, ಅವರು ಹೇಳಿದ್ದೇ ಲೆಕ್ಕ ಆಗಿ ಡಿಕ್ರಿ, ಅಂದರೆ ಕೋರ್ಟಿನ ತೀರ್ಪು, ಆಗುತ್ತದೆ, ಅದನ್ನು ಹಿಡಿದುಕೊಂಡು ಜಪ್ತಿಗೆ ಬರುತ್ತಾರೆ.

"ಸಾಲ ಮಾಡಿದ್ದು ನಿಜ ತಾನೇ ದೊಡ್ಡಪ್ಪಾ, ಹೋಗಿ ಏನಂತ ಹೇಳಲಿ" ಅನ್ನುತ್ತೀಯ. ಸಾಲ ನಿಜ. ಆದರೆ ಬಾಕಿ ಎಷ್ಟು ಅನ್ನೋದು ಬೇರೆ ಮಾತು, ಅದನ್ನು ರುಜುವಾತು ಮಾಡಬೇಕಾದವರು ಅವರು. ಗಾಡಿ ಎಳೆದುಕೊಂಡು ಹೋಗಿ ಮಾರಿದರಲ್ಲ, ಆ ದುಡ್ಡು ನಿನ್ನ ಖಾತೆಗೆ ಜಮಾ ಆಗಿದೆಯಾ? ಕಾಫಿ ಮಾರಿ ನಗದು ಕೊಟ್ಟ ಕಂತುಗಳ ರಸೀದಿ ಇದೆ ಅಲ್ವಾ? ಸ್ಟೇಟ್‌ಮೆಂಟ್ ತೆಗೆಸಿ ಒಂದೊಂದು ಸಾಲಿಗೂ ಪೆನ್ಸಿಲ್ ಇಟ್ಟು ನೋಡು. ಅಸಲು ಯಾವುದು, ಬಡ್ಡಿ ಯಾವುದು, ಗಾಡಿ ನಿಲ್ಲಿಸಿದ್ದಕ್ಕೆ ಬಾಡಿಗೆ, ಎಳೆದ ಖರ್ಚು, ದಂಡ ಅಂತ ಏನೇನು ತುರುಕಿದ್ದಾರೆ, ಬೇರೆ ಬೇರೆ ಬರೆದುಕೋ.

ಕೊನೆಯ ಕಂತು ಕಟ್ಟಿದ ತಾರೀಖನ್ನೂ ನೋಡು. ಇಂಥ ಹಣದ ದಾವೆ ಹಾಕುವುದಕ್ಕೆ ಸಾಮಾನ್ಯವಾಗಿ 3 ವರ್ಷದ ಗಡುವು. ಗಡುವಿನೊಳಗೆ "ಬಾಕಿ ಇದೆ" ಅಂತ ಬರೆದು ಸಹಿ ಹಾಕಿದರೆ ಎಣಿಕೆ ಮತ್ತೆ ಮೊದಲಿಂದ ಶುರು, ಹಾಗಾಗಿ ವಸೂಲಿಗೆ ಬರುವ ಹುಡುಗರು ಚಾಚಿದ ಕಾಗದಕ್ಕೆಲ್ಲ ಸುಮ್ನೆ ಸಹಿ ಹಾಕಬೇಡ.

ಸಮನ್ಸ್ ಕೈಗೆ ಬಂದ ದಿನವನ್ನು ಅದರ ಮೇಲೇ ಬರೆದಿಡು. ಅವತ್ತಿಂದ 30 ದಿನದೊಳಗೆ ಲಿಖಿತ ಹೇಳಿಕೆ, ಅಂದರೆ ದಾವೆಗೆ ನಿನ್ನ ಉತ್ತರ, ಕೊಡಬೇಕು, ಕಾರಣ ಹೇಳಿ ಕೇಳಿಕೊಂಡರೆ ಕೋರ್ಟು 90 ದಿನದವರೆಗೂ ಬಿಡಬಹುದು. ಸಮನ್ಸಿನಲ್ಲಿ ಆದೇಶ 37 ಅಂತ, ಅಂದರೆ ಬೇಗ ಮುಗಿಸುವ ಸಂಕ್ಷಿಪ್ತ ದಾವೆ ಅಂತ, ಇದ್ದರೆ ಮಾತ್ರ ಕಥೆ ಬೇರೆ. ಅದರಲ್ಲಿ 10 ದಿನದೊಳಗೆ ಹಾಜರಿ ಹಾಕಬೇಕು, ಆಮೇಲೆ ವಾದ ಮಾಡುವುದಕ್ಕೇ ಅನುಮತಿ ಕೇಳಬೇಕು. ಹಾಗಿದ್ದರೆ ಒಬ್ಬನೇ ಹೋಗಬೇಡ, ವಕೀಲರನ್ನು ಹಿಡಿ.

ಮಾಮೂಲಿ ದಾವೆ ಆದರೆ ನೀನೇ ನಿಂತು ನಡೆಸಬಹುದು, ಕಾನೂನಿನಲ್ಲಿ ಅಡ್ಡಿಯಿಲ್ಲ. ಲಿಖಿತ ಹೇಳಿಕೆಯಲ್ಲಿ ಮೇಲೆ ಕೋರ್ಟಿನ ಹೆಸರು, ಓಎಸ್ ನಂಬರ್ (ದಾವೆಯ ಸಂಖ್ಯೆ), ವಾದಿ, ಪ್ರತಿವಾದಿ. ಕೆಳಗೆ ಅವರ ದಾವೆಯ ಒಂದೊಂದು ಪ್ಯಾರಾಗೂ ಉತ್ತರ: ಇದು ನಿಜ, ಇದು ಸುಳ್ಳು, ಇದು ನನಗೆ ತಿಳಿಯದು. ಎಲ್ಲಾ ಸುಳ್ಳು ಅಂತ ಒಂದೇ ಏಟಿಗೆ ಬರೆದರೆ ನಡೆಯುವುದಿಲ್ಲ, ಬಿಡಿಸಿ ಅಲ್ಲಗಳೆಯದೇ ಇದ್ದದ್ದನ್ನು ಒಪ್ಪಿಕೊಂಡಿದ್ದೀಯ ಅಂತಲೇ ತಗೊಳ್ಳಬಹುದು. ಸಾಲದ ಪ್ಯಾರಾ ಒಪ್ಪಿಕೋ, ಮೊತ್ತದ ಪ್ಯಾರಾ ಅಲ್ಲಗಳೆ, ಯಾಕೆ ಅಂತ ತಾರೀಖು ರಸೀದಿ ಸಮೇತ ಬರೆ. ನಿನ್ನ ಕಷ್ಟ, ಮಳೆಗೆ ಕಾಫಿ ಉದುರಿದ್ದು, ಅದೆಲ್ಲ ಅಲ್ಲಿ ಬೇಡ. ಕೊನೆಗೆ ಬರೆದದ್ದು ನಿಜ ಅನ್ನುವ ಸತ್ಯಾಪನೆ, ಸಹಿ, ಪ್ರಮಾಣ ಮಾಡಿದ ಅಫಿಡವಿಟ್. ಒಂದು ಪ್ರತಿ ಅವರ ವಕೀಲರಿಗೆ ಕೊಟ್ಟು, ಕೊಟ್ಟದ್ದಕ್ಕೆ ನಿನ್ನ ಪ್ರತಿಯಲ್ಲಿ ಸಹಿ ಹಾಕಿಸಿಕೋ.

ಬರೆಯಲು ಕೈ ಬಾರದಿದ್ದರೆ ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಕಾನೂನು ನೆರವಿನ ಸಹಾಯವಾಣಿ 15100ಕ್ಕೂ ಫೋನ್ ಮಾಡಬಹುದು. ಆದಾಯ ಮಿತಿಯೊಳಗಿದ್ದರೆ ವಕೀಲರನ್ನೂ ಪುಕ್ಕಟೆ ಕೊಡುತ್ತಾರೆ. ಅದರಲ್ಲಿ ನಾಚಿಕೆ ಪಡೋದಕ್ಕೆ ಏನೂ ಇಲ್ಲ.

ಲೋಕ ಅದಾಲತ್‌ನಲ್ಲಿ ರಾಜಿ ಮಾತು ಬಂದರೆ ಹೋಗು, ಆದರೆ ಲೆಕ್ಕ ಮಾಡಿಕೊಂಡು ಹೋಗು. ಅಲ್ಲಿ ಒಪ್ಪಿ ಸಹಿ ಹಾಕಿದ್ದಕ್ಕೆ ಅಪೀಲು ಇಲ್ಲ. ತಿಂಗಳ ಕಂತು ಅಂದರೆ ನಿನ್ನ ಕೈಲಿ ಆಗುವುದಿಲ್ಲ, ಕಾಫಿ ಮಾರಿದ ಮೇಲೆ ಇಷ್ಟು, ಮೆಣಸು ಕೊಯ್ದ ಮೇಲೆ ಇಷ್ಟು ಅಂತ ಕೇಳು.

ವಾಯಿದೆ ದಿನ ಬೆಳಿಗ್ಗೆ ಬೇಗ ಹೊರಡು. ಈ ಮಳೆಯಲ್ಲಿ ಸಿದ್ದಾಪುರದ ರಸ್ತೆಗೆ ಒಂದು ಮರ ಬಿದ್ದರೂ ಸಾಕು, ಬಸ್ಸು ಅಲ್ಲೇ ನಿಲ್ಲುತ್ತದೆ, ಕೋರ್ಟಿನಲ್ಲಿ ಹೆಸರು ಕೂಗಿದಾಗ ನೀನಿರುವುದಿಲ್ಲ. ಭಾನುವಾರ ಸಮನ್ಸು, ದಾವೆಯ ಪ್ರತಿ, ರಸೀದಿ ಎಲ್ಲಾ ತಗೊಂಡು ಮನೆಗೆ ಬಾ, ಕೂತು ಬರೆಯೋಣ.

ನಿನ್ನ
ದೊಡ್ಡಪ್ಪ