ಮಾತ್ರೆ ಕೊಟ್ಟಿರಿ, ಆಮೇಲೆ ವಿಚಾರಿಸುವವರು ಯಾರು?

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನನ್ನ ತಂಗಿಗೆ ಖಿನ್ನತೆ ಇದೆ ಎಂದು ವೈದ್ಯರು ಹೇಳಿದಾಗ ನಾನು ಅವಳ ಪಕ್ಕದಲ್ಲೇ ಕುಳಿತಿದ್ದೆ. ನಾಲ್ಕು ಪ್ರಶ್ನೆ, ಒಂದು ಚೀಟಿ, ಅಷ್ಟರಲ್ಲಿ ಮುಂದಿನ ರೋಗಿಯ ಹೆಸರು ಕೂಗಿದರು. ಬರೆದುಕೊಟ್ಟ ಮಾತ್ರೆಯ ಬಗ್ಗೆ ನನಗೆ ದೂರಿಲ್ಲ. ಆದರೆ ಅದರ ಗುಣ ಕಾಣಲು ಕೆಲವು ವಾರಗಳೇ ಬೇಕು, ಹೊಟ್ಟೆ ತೊಳಸುವುದು, ನಿದ್ದೆ ಕೆಡುವುದು ಮಾತ್ರ ಮೊದಲ ದಿನಗಳಲ್ಲೇ ಶುರುವಾಗಬಹುದು ಎಂದು ಯಾರೂ ಹೇಳಲಿಲ್ಲ. ತಿಂಗಳಾದ ಮೇಲೆ ಅವಳ ದಿಂಬಿನಡಿ ಮಾತ್ರೆಯ ಪಟ್ಟಿ ಸಿಕ್ಕಿತು. ಏಳು ಮಾತ್ರೆ ತೆಗೆದುಕೊಂಡಿದ್ದಳು, ಉಳಿದವು ಹಾಗೇ ಇದ್ದವು.

ಎರಡನೇ ವಾರದಲ್ಲಿ ಯಾರಾದರೂ ಫೋನ್ ಮಾಡಿ "ಮಾತ್ರೆ ಒಗ್ಗಿತೇ?" ಎಂದು ವಿಚಾರಿಸಿದ್ದರೆ ಅವಳು ಬಹುಶಃ ಬಿಡುತ್ತಿರಲಿಲ್ಲ. ನಾನು ನಿಮ್ಮಲ್ಲಿ ಬೇಡುತ್ತಿರುವುದು ಆ ವಿಚಾರಿಸುವ ವ್ಯಕ್ತಿಯನ್ನು.

ಮುಂದೆ ಸಿಕ್ಕ ವೈದ್ಯೆ ಬೇರೆಯೇ ರೀತಿಯಲ್ಲಿ ಮಾತಿಗೆಳೆದರು. ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ, ಸಾಲವಿದೆಯೇ, ಮನೆಯಲ್ಲಿ ಯಾರ ಬಳಿ ಮನಸ್ಸು ಬಿಚ್ಚುತ್ತೀರಿ? ಥೈರಾಯ್ಡ್ ಕೊರತೆಯೂ ಖಿನ್ನತೆಯಂತೆಯೇ ಕಾಣಿಸಿಕೊಳ್ಳಬಹುದು ಎಂದು ರಕ್ತ ಪರೀಕ್ಷೆ ಮಾಡಿಸಿದರು. ಮಾತ್ರೆಯ ಜೊತೆಗೆ ವಾರಕ್ಕೊಮ್ಮೆ ಆಪ್ತಸಮಾಲೋಚನೆ. ಅಲ್ಲಿ ಕೊಟ್ಟ ಮೊದಲ ಕೆಲಸ, ಬೆಳಿಗ್ಗೆ ಎದ್ದು ಕಿಟಕಿ ತೆರೆದು ಹತ್ತು ನಿಮಿಷ ಅಲ್ಲೇ ನಿಲ್ಲುವುದು, ಅಷ್ಟೇ. ಮೊದಲ ದಿನ ಅವಳು ಕಿಟಕಿಯ ಅಗುಳಿ ಹಿಡಿದುಕೊಂಡೇ ಅತ್ತಳು. ಆದರೂ ಕಿಟಕಿ ತೆರೆದಳು.

ಇದು ಹೊಸ ವಿಚಾರವೇನಲ್ಲ. ರೋಗವನ್ನು ದೇಹ, ಮನಸ್ಸು, ಸುತ್ತಲಿನ ಬದುಕು ಮೂರನ್ನೂ ಸೇರಿಸಿಯೇ ನೋಡಬೇಕೆಂದು ವೈದ್ಯ ಜಾರ್ಜ್ ಎಂಗೆಲ್ 1977ರಲ್ಲೇ ವಾದಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನ ಎಂಟು ಜನರಲ್ಲಿ ಒಬ್ಬರಿಗೆ ಮಾನಸಿಕ ತೊಂದರೆಯಿತ್ತು. ಅವುಗಳಲ್ಲಿ ಆತಂಕ ಮತ್ತು ಖಿನ್ನತೆಯೇ ಹೆಚ್ಚು. ಇಷ್ಟು ಜನರಿಗೆ ಮನೋವೈದ್ಯರು ಸಾಲುವುದಿಲ್ಲ ಎನ್ನುವಿರಿ. ನಿಜ. ಜಿಂಬಾಬ್ವೆಯಲ್ಲೂ ಸಾಲದೆ, ಮನೋವೈದ್ಯ ಡಿಕ್ಸನ್ ಚಿಬಾಂಡಾ ಅವರು ಅಜ್ಜಿಯರಿಗೆ ತರಬೇತಿ ಕೊಟ್ಟು ಆರೋಗ್ಯ ಕೇಂದ್ರದ ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ನೊಂದವರ ಮಾತು ಕೇಳಿ, ಒಂದೊಂದೇ ಸಮಸ್ಯೆ ಬಿಡಿಸಲು ನೆರವಾಗುವುದು ಆ ಅಜ್ಜಿಯರ ಕೆಲಸ. ಅವರ ಬಳಿ ಹೋದವರಲ್ಲಿ ಆರು ತಿಂಗಳ ಬಳಿಕ ರೋಗಲಕ್ಷಣಗಳು ಗಣನೀಯವಾಗಿ ಕಡಿಮೆ ಇದ್ದವೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ತೀವ್ರ ಕಾಯಿಲೆಗೆ ತಜ್ಞರೇ ಬೇಕು, ಅದರಲ್ಲಿ ಎರಡು ಮಾತಿಲ್ಲ.

ಆದ್ದರಿಂದ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತರಬೇತಿ ಪಡೆದ ಒಬ್ಬರನ್ನು ನೇಮಿಸಿ. ಫೋನ್ ಮಾಡುವುದು, ಮನೆಯವರಿಗೆ ತಿಳಿಹೇಳುವುದು, ಚೇತರಿಸಿಕೊಂಡ ಮೇಲೂ ಕನಿಷ್ಠ ಆರು ತಿಂಗಳು ಮಾತ್ರೆ ಮುಂದುವರಿಯುವಂತೆ ನೋಡಿಕೊಳ್ಳುವುದು, ಇದೇ ಅವರ ಪೂರ್ಣಾವಧಿ ಕೆಲಸವಾಗಿರಲಿ. ಇರುವ ದಾದಿಯರ ಹೆಗಲಿಗೆ ಇದನ್ನೂ ಹೇರಬೇಡಿ.

ಮುಂದಿನ ಬಜೆಟ್ಟಿನಲ್ಲಿ ನಾನು ಮೊದಲು ಹುಡುಕುವುದು ಈ ಹುದ್ದೆಗಳನ್ನೇ.

ಇಂತಿ,
ಒಬ್ಬ ಅಕ್ಕ