ಆ ಎರಡನೇ ಲೋಟದ ಬಗ್ಗೆ

ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಊರಿನ ಸುದ್ದಿಯೆಲ್ಲ ಫೋನಿನಲ್ಲಿ ನಿನ್ನ ಅಮ್ಮ ಹೇಳಿರುತ್ತಾಳೆ. ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರದ ಕೊನೆಯಲ್ಲಿ ಒಂದು ಮಾತು ಸೇರಿಸಿದ್ದೆಯಲ್ಲ, ಅದು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ನಿನಗೆ 23, ರೂಮಿನ ಹುಡುಗಿಯರಿಗೆ 20, ಅಲ್ಲಿ ಮದ್ಯ ಕೊಳ್ಳಲು ಬೇಕಾದ 21 ಅವರಿಗೆ ಇನ್ನೂ ತುಂಬಿಲ್ಲ. ಮ್ಯಾಚಿನ ದಿನ ನೀನು ಐಡಿ ತೋರಿಸಿ ಬಿಯರ್ ತರಬೇಕು, ಅವರ ಕೈಗೆ ಕೊಡಬೇಕು. "ಆಗಲ್ಲ ಅಂದರೆ ಮುಂದಿನ ಸಲ ನನ್ನನ್ನು ಕರೆಯುವುದಿಲ್ಲವೇನೋ ಅಂತ ಭಯ" ಅಂತ ಬರೆದಿದ್ದೀಯ.

ನೀನು ನನ್ನನ್ನು ಕೇಳಿದ್ದು ಇದನ್ನಲ್ಲ. ಕಾಲೇಜು ಆಟದಲ್ಲಿ ಬಿಯರ್ ಮಾರಬಹುದಾ, ನೀವೇನಂತೀರಿ ಅಂತ ಕೇಳಿದೆ. ಅದಕ್ಕೆ ಉತ್ತರ ಬರೆಯೋಣ ಅಂತ ಸಿಕ್ಕಿದ್ದನ್ನೆಲ್ಲ ಓದಿದೆ. ನಿಮ್ಮ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ಇರುವ, ತಮ್ಮತಮ್ಮಲ್ಲಿ ಆಡುವ ಅಮೆರಿಕದ ವಿಶ್ವವಿದ್ಯಾಲಯಗಳ ಒಕ್ಕೂಟವಾದ ಸೌತ್‌ಈಸ್ಟರ್ನ್ ಕಾನ್ಫರೆನ್ಸಿನಲ್ಲಿ 2019ರವರೆಗೆ ಸಾಮಾನ್ಯ ಸೀಟಿನವರಿಗೆ ಬಿಯರ್ ಮಾರುವಂತಿರಲಿಲ್ಲ. ದುಬಾರಿ ಸೀಟಿನವರಿಗೆ ಮಾತ್ರ ಸಿಗುತ್ತಿತ್ತು. ದುಡ್ಡಿದ್ದವರಿಗೆ ಒಂದು, ಇಲ್ಲದವರಿಗೆ ಒಂದು ಯಾಕೆ ಅನ್ನುವ ಮಾತು ನನಗೂ ಸರಿ ಅನ್ನಿಸಿತು. ಆ ವರ್ಷ ನಿರ್ಬಂಧ ತೆಗೆದು, ಮಾರುವುದು ಬಿಡುವುದು ನಿಮ್ಮಿಷ್ಟ ಅಂತ ವಿಶ್ವವಿದ್ಯಾಲಯಗಳಿಗೇ ಬಿಟ್ಟರು. ಆಗ ಹಾಕಿದ ಷರತ್ತುಗಳು ಇವು: ಬಿಯರ್, ವೈನ್ ಮಾತ್ರ. ಪ್ರತಿ ಸಲ ಐಡಿ ನೋಡಬೇಕು. ಸೀಟಿನ ಹತ್ತಿರ ತಂದು ಮಾರುವಂತಿಲ್ಲ. ಫುಟ್‌ಬಾಲಿನಲ್ಲಿ ಆಟದ ನಾಲ್ಕು ಭಾಗಗಳಲ್ಲಿ ಮೂರನೆಯದು ಮುಗಿದ ಮೇಲೆ ಮಾರಾಟ ಬಂದ್.

ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸ್ಟೇಡಿಯಮ್ಮಿನಲ್ಲಿ ಅರ್ಧ ಆಟಕ್ಕೆ ಜನ ಹೊರಗೆ ಹೋಗಿ, ಕಾರಿನ ಹತ್ತಿರ ಅವಸರದಲ್ಲಿ ಕುಡಿದು ವಾಪಸ್ ಬರುತ್ತಿದ್ದರಂತೆ. 2011ರಲ್ಲಿ ಹಾಗೆ ಹೋಗಿಬರುವುದನ್ನು ನಿಲ್ಲಿಸಿ ಒಳಗೇ ಬಿಯರ್ ಮಾರಿದರು, ಗಲಾಟೆ ಕಡಿಮೆಯಾಯಿತು ಅಂದರು. ಬೋಲ್ಡರ್ ಊರಿನ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ತಿರುಗಾಮುರುಗಾ. 1996ರಲ್ಲಿ ಅಲ್ಲಿ ಬಿಯರ್ ನಿಲ್ಲಿಸಿದರು. ಹೊಡೆದಾಟ, ಬಂಧನ, ಹೊರಗೆ ದಬ್ಬಿಸಿಕೊಳ್ಳುವುದು, ಎಲ್ಲ ಬಹಳ ಇಳಿಯಿತು. ಎರಡೂ ನಿಜವೇ ಇರಬೇಕು. ಆದರೆ ಎರಡರಲ್ಲೂ ಎಣಿಸಿದ್ದು ಗಲಾಟೆ ಮಾಡಿದವರನ್ನು. ಬೇಡ ಅನ್ನಲಾಗದೆ ಕೌಂಟರಿನ ಮುಂದೆ ಸಾಲಿನಲ್ಲಿ ನಿಂತವಳನ್ನು ಯಾರೂ ಎಣಿಸಿಲ್ಲ. ಅವಳು ಗಲಾಟೆ ಮಾಡುವುದಿಲ್ಲವಲ್ಲ.

ನಾನು ಮೈಸೂರಿನಲ್ಲಿ ಓದುವಾಗ ಕಾಲೇಜಿನ ವಾಲಿಬಾಲ್ ಟೀಮಿನಲ್ಲಿದ್ದೆ, ಅದು ನಿನಗೆ ಗೊತ್ತು. ಮುಂದಿನದು ನಿಮ್ಮಪ್ಪನಿಗೂ ಗೊತ್ತಿಲ್ಲ. ಗೆದ್ದ ದಿನ ಸಂಜೆ ಹುಡುಗರು ಕುಡಿಯಲು ಹೋಗುತ್ತಿದ್ದರು. ನಾನು ಹಾಸ್ಟೆಲಿನಲ್ಲಿ ಇರುವವರೆಗೆ ಕಷ್ಟ ಆಗಲಿಲ್ಲ. "ವಾರ್ಡನ್ ಬಾಯಿ ಮೂಸುತ್ತಾರೆ ಕಣ್ರೋ" ಅಂದರೆ ಸಾಕು, ಎಲ್ಲರೂ ಒಪ್ಪುತ್ತಿದ್ದರು. ಯಾರಿಗೂ ಬೇಜಾರಿಲ್ಲ. ಆಮೇಲೆ ಹೊರಗೆ ರೂಮು ಮಾಡಿದೆ. ಹೇಳಲು ವಾರ್ಡನ್ ಇಲ್ಲ. ನನಗೆ ಬೇಡ ಅಂತ ನಾನೇ ಹೇಳಬೇಕಾಯಿತು. ಹೇಳಿದೆ. ಅವರು ಜಗಳವಾಡಲಿಲ್ಲ, ಬೈಯಲಿಲ್ಲ. ಕರೆಯುವುದನ್ನು ಬಿಟ್ಟರು ಅಷ್ಟೆ. ಮೊದಲು ಸಂಜೆಗೆ, ಆಮೇಲೆ ಸಿನಿಮಾಕ್ಕೆ, ಆಮೇಲೆ ಬೆಳಗಿನ ಪ್ರಾಕ್ಟೀಸಿಗೂ.

ಅದಕ್ಕೇ ಪುಟ್ಟಿ, ನಿನ್ನ ಭಯ ಸುಳ್ಳು ಅಂತ ನಾನು ಹೇಳಲಾರೆ. ನಿಜವಾದ ಸ್ನೇಹಿತರಾದರೆ ಬಿಡುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅವರು ನಿಜವಾದ ಸ್ನೇಹಿತರೇ ಆಗಿದ್ದರು. ಆದರೂ ಬಿಟ್ಟರು. ಅದರಲ್ಲಿ ಒಬ್ಬ ನನಗೆ ಚೆಂಡು ಎತ್ತಿಕೊಡುತ್ತಿದ್ದ ರೀತಿ ಇವತ್ತಿಗೂ ಕೈಗೆ ನೆನಪಿದೆ. ಆಮೇಲೆ ಅವನ ಊರಿಗೆ ಒಂದು ಸಲ ಹೋಗಿ ಮಾತಾಡಿಸಿ ಬರಬೇಕಿತ್ತು. ಹೋಗಲಿಲ್ಲ. ಈಗ ಅವನಿಲ್ಲ.

ಬಿಯರ್ ಮಾರುವುದು ಬೇಡ ಅಂತ ನನಗೆ ಅನ್ನಿಸುವುದು ಇದಕ್ಕೇ. ವಯಸ್ಸಿಗೆ ಬಂದವರು ಕುಡಿಯುವುದಕ್ಕೆ ನನ್ನ ತಕರಾರಿಲ್ಲ. ಪಾರ್ಕಿಂಗಿನಲ್ಲಿ ಬೆಳಗ್ಗೆಯಿಂದಲೇ ಕುಡಿಯುತ್ತಾರೆ ಅನ್ನುವುದೂ ಗೊತ್ತು. ಆದರೆ ಒಳಗೆ ಸಿಗುವುದಿಲ್ಲ ಅಂತಿದ್ದರೆ, ಒಂದು ಲಕ್ಷಕ್ಕಿಂತ ಜಾಸ್ತಿ ಜನ ಕೂರುವ ನಿಮ್ಮ ಕೈಲ್ ಫೀಲ್ಡ್ ಸ್ಟೇಡಿಯಮ್ಮಿನಲ್ಲಿ ನಿನ್ನಂಥವಳಿಗೆ ಕೆಲವು ಗಂಟೆ ಯಾರಿಗೂ ಏನೂ ಹೇಳಬೇಕಾದ ಗೋಜಿರುತ್ತಿರಲಿಲ್ಲ. ಕಾಲೇಜೇ ಕೌಂಟರ್ ತೆರೆದಾಗ, ಬೇಡ ಅನ್ನುವ ಭಾರ ಪೂರ್ತಿ ಹುಡುಗರ ಮೇಲೆ ಬೀಳುತ್ತದೆ. ಐಡಿ ನೋಡುವವನು ನಿನ್ನ ವಯಸ್ಸು ನೋಡುತ್ತಾನೆ. ಎರಡನೇ ಲೋಟ ಯಾರಿಗೆ ಹೋಗುತ್ತದೆ ಅಂತ ಅವನು ನೋಡಲು ಆಗುತ್ತದಾ? ಅದನ್ನು ನೀನೇ ನೋಡಬೇಕು.

ನೀನು ಮೊದಲ ವರ್ಷ ಬರೆದಿದ್ದೆ, ಅಲ್ಲಿ ವಿದ್ಯಾರ್ಥಿಗಳು ಆಟ ಮುಗಿಯುವವರೆಗೂ ನಿಂತೇ ನೋಡುತ್ತಾರೆ ಅಂತ. ಅದರ ಹಿಂದಿನ ಕಥೆಯನ್ನೂ ಬರೆದಿದ್ದೆ: 1922ರಲ್ಲಿ ಆಟಗಾರರು ಗಾಯಗೊಂಡು ಕಡಿಮೆಯಾದಾಗ ಕಿಂಗ್ ಗಿಲ್ ಅನ್ನುವ ವಿದ್ಯಾರ್ಥಿಯನ್ನು ಕೆಳಗೆ ಕರೆದರಂತೆ. ಅವನು ಬಟ್ಟೆ ಬದಲಿಸಿ ಕೊನೆಯವರೆಗೂ ಸಿದ್ಧನಾಗಿ ನಿಂತನಂತೆ, ಆಡುವ ಸಂದರ್ಭವೇ ಬರಲಿಲ್ಲವಂತೆ. ಆ ಕಥೆ ನನಗೆ ತುಂಬಾ ಇಷ್ಟವಾಗಿತ್ತು. ಬೆಂಚಿನ ಮೇಲೆ ಕೂತವನಿಗೆ ಅದು ಅರ್ಥವಾಗುತ್ತದೆ.

ಇನ್ನು ನೀನೇನು ಮಾಡಬೇಕು ಅಂತ ಹೇಳಲು ನನಗೆ ಸಂಕೋಚ. ಅಲ್ಲಿರುವವಳು ನೀನು. ಒಂದು ಮಾತ್ರ ಖಂಡಿತ ಗೊತ್ತಿರಲಿ. ಟೆಕ್ಸಾಸಿನಲ್ಲಿ 21 ತುಂಬದವರಿಗೆ ಮದ್ಯ ತಂದುಕೊಟ್ಟರೆ 4,000 ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು ಆಗಬಹುದು. ಕೇಸಾದರೆ ನಿನ್ನ ವೀಸಾಕ್ಕೂ ತೊಂದರೆ ಬರಬಹುದು. ಹೆದರಿಸಲು ಬರೆಯುತ್ತಿಲ್ಲ. ಆ ಹುಡುಗಿಯರಿಗೆ ಇದು ಗೊತ್ತಿರಲಿಕ್ಕಿಲ್ಲ, ವೀಸಾ ಚಿಂತೆ ಅವರಿಗಿಲ್ಲ. ಮ್ಯಾಚಿನ ಗದ್ದಲದಲ್ಲಿ ಬೇಡ, ಅಡುಗೆ ಮಾಡುವಾಗ ಹೇಳಿ ನೋಡು. ನನ್ನ ಹೆಸರು ಹೇಳಿದರೂ ಆದೀತು. ನಮ್ಮ ದೊಡ್ಡಪ್ಪನಿಗೆ ಮಾತು ಕೊಟ್ಟಿದ್ದೇನೆ ಅನ್ನು. ಅವರ ಕಣ್ಣಿಗೆ ನಾನು ಹಳೆ ಕಾಲದ ಮುದುಕನಾದರೆ ಆಗಲಿ.

ನಿಮ್ಮ ಕಾಲೇಜಿನ ರೀಡ್ ಅರೀನಾದಲ್ಲಿ ಹುಡುಗಿಯರ ವಾಲಿಬಾಲ್ ನಡೆಯುತ್ತದಂತೆ. ಅಲ್ಲಿಗೆ ಲ್ಯಾಬಿನವರು ಯಾರನ್ನಾದರೂ ನೀನೇ ಕರೆದುಕೊಂಡು ಹೋಗಬಹುದಲ್ವಾ? ಇವರು ಕರೆಯುವುದನ್ನೇ ಕಾಯುತ್ತಾ ಕೂರಬೇಡ. ನಾನು ಹಾಗೆ ಕಾದು ಕೂತಿದ್ದೆ.

ಅವರು ಕರೆಯದೇ ಹೋದರೆ ನನಗೆ ಬರಿ. ಸುಮ್ನೆ ಇರಬೇಡ. ಅಮ್ಮನಿಗೆ ಹೇಳುವುದಿಲ್ಲ.

ನಿನ್ನ ದೊಡ್ಡಪ್ಪ