ಕಥೆಯನ್ನು ಆಗಸ್ಟ್ 9ಕ್ಕೇ ಮುಗಿಸಬೇಡ

ಪ್ರೀತಿಯ ತಮ್ಮ,

ನಾಗಸಾಕಿಯ ಅಂಚೆ ಹುಡುಗನನ್ನು ಕುರಿತ ನಿನ್ನ ಕಥೆಯನ್ನು ಓದಿದೆ. ಬೆಂಕಿ, ಬೆಳಕು, ಚೀತ್ಕಾರಗಳ ವರ್ಣನೆಯೇ ಪುಟಗಟ್ಟಲೆ ಇದೆ. ಹೊಗೆ ಆಕಾಶಕ್ಕೇರಿದೊಡನೆ ಕಥೆ ಮುಗಿದುಬಿಡುತ್ತದೆ. ಆದರೆ ಅಣುಬಾಂಬಿನಿಂದ ಬದುಕುಳಿದ ಹಿಬಾಕುಶಾಗಳಿಗೆ ಹೇಳಲಿಕ್ಕಿರುವುದರಲ್ಲಿ ಹೆಚ್ಚಿನದು ಅದರ ನಂತರದ್ದು.

ನಿನ್ನ ಕಥೆಗೆ ಆಧಾರವಾದ ಸುಮಿತೆರು ತನಿಗುಚಿ ಅವರನ್ನೇ ನೋಡು. 1945ರ ಆಗಸ್ಟ್ 9ರಂದು, ಸ್ಫೋಟದ ಕೇಂದ್ರದಿಂದ ಸುಮಾರು 1.8 ಕಿಲೋಮೀಟರ್ ದೂರದಲ್ಲಿ, 16 ವರ್ಷದ ಆ ಹುಡುಗ ಸೈಕಲ್ ಮೇಲೆ ಕಾಗದ ಹಂಚುತ್ತಿದ್ದ. ಬೆನ್ನು ಪೂರ್ತಿ ಸುಟ್ಟುಹೋಯಿತು. ಒಂದು ವರ್ಷ ಒಂಬತ್ತು ತಿಂಗಳು ಬೋರಲು ಮಲಗಿಯೇ ಕಳೆದ; ಮಲಗಿ ಮಲಗಿ ಎದೆಯೂ ಹುಣ್ಣಾಗಿ ಕೊಳೆಯಿತು. ನಿನ್ನ ಕಥೆಯಲ್ಲಿ ಸುಟ್ಟ ಬೆನ್ನು ಇದೆ, ಎದೆಯ ಹುಣ್ಣು ಇಲ್ಲ. ನನಗೆ ಬೇಕಾದದ್ದು ಆ ಹುಣ್ಣು. ‘ನರಕಸದೃಶ’ದಂಥ ವಿಶೇಷಣಗಳನ್ನೆಲ್ಲ ಹೊಡೆದುಹಾಕು.

2010ರಲ್ಲಿ ನ್ಯೂಯಾರ್ಕಿನಲ್ಲಿ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದ ಪರಿಶೀಲನಾ ಸಮ್ಮೇಳನ ನಡೆದಾಗ ಅವರು ತಮ್ಮ ಕೆಂಪು ಬೆನ್ನಿನ ಫೋಟೊವನ್ನು ಎತ್ತಿ ಹಿಡಿದರು. ತಾನು ಪ್ರದರ್ಶನದ ವಸ್ತುವಲ್ಲ, ಆದರೂ ಮುಖ ತಿರುಗಿಸಬೇಡಿ ಎಂದು ಕೇಳಿಕೊಂಡರು. ಅವರ ಎದುರಿಗೆ ಇದ್ದವರು ರಾಜತಾಂತ್ರಿಕರು. ತೀರ್ಮಾನ ಮಾಡಬೇಕಾದವರ ಮುಂದೆ ನಿಂತು ಕೇಳಿದ ಮಾತು ಅದು. ಓದುಗರ ಕಣ್ಣೀರಿಗಾಗಿ ಅದನ್ನು ಬಳಸಿಕೊಳ್ಳುವುದು ನನಗೆ ಸಹಿಸುವುದಿಲ್ಲ.

ನಡುವಿನ ವರ್ಷಗಳೂ ಕಥೆಗೆ ಬರಲಿ. ಯುದ್ಧಾನಂತರ ಜಪಾನಿನಲ್ಲಿದ್ದ ಅಮೆರಿಕದ ಆಡಳಿತ ಬಾಂಬಿನ ವರದಿಗಳಿಗೆ ಸೆನ್ಸಾರ್ ಹಾಕಿತು. ವಿಕಿರಣ ತಗುಲಿದ ಮನೆಯಿಂದ ಹೆಣ್ಣು ತರಲು, ಅಲ್ಲಿಗೆ ಹೆಣ್ಣು ಕೊಡಲು ಜನ ಹಿಂಜರಿದರು. ಎಷ್ಟೋ ಮಂದಿ ತಾವು ಹಿಬಾಕುಶಾ ಎಂಬುದನ್ನೇ ಮುಚ್ಚಿಟ್ಟು ಬಾಳಿದರು. ಹಾಗಿದ್ದೂ 1956ರಲ್ಲಿ ನಾಗಸಾಕಿಯಲ್ಲಿ ಒಂದುಗೂಡಿ ನಿಹೊನ್ ಹಿಡಾಂಕ್ಯೊ ಕಟ್ಟಿದರು. ಆ ಸಂಘಟನೆಗೆ 2024ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಸಂಘಟನೆಯ ಪರವಾಗಿ ಓಸ್ಲೋದಲ್ಲಿ ಪ್ರಶಸ್ತಿ ಭಾಷಣ ಮಾಡಿದ ತೆರುಮಿ ತನಾಕಾ ಅವರಿಗೆ ಆಗ 92 ವರ್ಷ. ಸತ್ತವರಿಗೆ ಜಪಾನ್ ಸರ್ಕಾರ ಪರಿಹಾರವನ್ನೇ ಕೊಟ್ಟಿಲ್ಲ ಎಂಬುದನ್ನು, ಬರೆದು ತಂದ ಭಾಷಣದ ಆಚೆಗೆ ಹೋಗಿ, ಅವರು ಮತ್ತೊಮ್ಮೆ ಒತ್ತಿ ಹೇಳಿದರು. ಪ್ರಶಸ್ತಿಯ ವೇದಿಕೆಯಲ್ಲೂ ಲೆಕ್ಕ ಕೇಳುವುದನ್ನು ಬಿಡಲಿಲ್ಲ! ನಿನ್ನ ಅಂಚೆ ಹುಡುಗನಿಗೂ ಈ ಹಟ ಇರಬೇಕು.

ಅಣ್ವಸ್ತ್ರಗಳೇ ಬೇಡ ಎಂಬ ಅವರ ಬೇಡಿಕೆ ನಮ್ಮ ಬಾಗಿಲಿಗೂ ಬಂದಿದೆ. ಹಿಬಾಕುಶಾಗಳ ನೋವನ್ನು ಪೀಠಿಕೆಯಲ್ಲೇ ನೆನೆಯುವ ಅಣ್ವಸ್ತ್ರ ನಿಷೇಧ ಒಪ್ಪಂದ 2021ರಲ್ಲಿ ಜಾರಿಗೆ ಬಂತು. ಜಪಾನ್ ಅದಕ್ಕೆ ಸೇರಿಲ್ಲ, ಅಣ್ವಸ್ತ್ರ ಇಟ್ಟುಕೊಂಡಿರುವ ಭಾರತವೂ ಸೇರಿಲ್ಲ. ಬದುಕಿರುವ ಹಿಬಾಕುಶಾಗಳ ಸರಾಸರಿ ವಯಸ್ಸು ಈಗ 86 ದಾಟಿದೆ.

ಕಥೆಯನ್ನು ಆಸ್ಪತ್ರೆಯ ಮಂಚದಿಂದ ಆರಂಭಿಸಿ, ನ್ಯೂಯಾರ್ಕಿನವರೆಗೂ ಬರೆ. ತಿದ್ದಿದ ಪ್ರತಿಯನ್ನು ನನಗೆ ಕಳುಹಿಸು.

ನಿನ್ನ ಅಕ್ಕ